ತರಬೇತುದಾರರು ಎಂಬ ಖಾನೆ

ಕಬಡ್ಡಿ ಪಂದ್ಯಾವಳಿಯ ಪ್ರವೇಶ ಫಾರ್ಮಿನಲ್ಲಿ ಹನ್ನೆರಡು ಆಟಗಾರರ ಹೆಸರು ಮುಗಿದ ಮೇಲೆ ಕೆಳಗೆ ಎರಡು ಖಾನೆಗಳಿರುತ್ತವೆ. ಒಂದು ತರಬೇತುದಾರರದು, ಇನ್ನೊಂದು ವ್ಯವಸ್ಥಾಪಕರದು. ಸಿಂಧನೂರಿನ ಮಹಿಳಾ ತಂಡದ ಫಾರ್ಮುಗಳನ್ನು ಹದಿನೆಂಟು ವರ್ಷ ತುಂಬಿದವನು ನಾನು. ಎರಡನೇ ಖಾನೆಯಲ್ಲಿ ನನ್ನ ಹೆಸರು ಬರೆದೆ, ಅದು ಸರಿಯಾಗಿಯೇ ಇತ್ತು. ಮೊದಲನೆಯದರಲ್ಲಿ ಬರೆದದ್ದು ಶುದ್ಧ ಸುಳ್ಳು. ಇದನ್ನು ಬರೆಯುತ್ತಿರುವ ಈಗಲೂ ನನ್ನ ಸಿಟ್ಟು ಇಳಿದಿಲ್ಲ. ಅರ್ಧ ಊರಿನ ಮೇಲಿದೆ, ಅರ್ಧ ನನ್ನ ಮೇಲಿದೆ.

ತಂಡವನ್ನು ಕಟ್ಟಿದವಳು ಒಬ್ಬ ಬಸ್ ಕಂಡಕ್ಟರ್. ಊರೆಲ್ಲ ಆಕೆಯನ್ನು ಅಕ್ಕ ಎಂದೇ ಕರೆಯುತ್ತದೆ. ವಯಸ್ಸಿನಲ್ಲಿ ಹನ್ನೊಂದು ವರ್ಷ ದೊಡ್ಡವನಾದ ನಾನೂ ಹಾಗೆಯೇ ಕರೆಯುತ್ತೇನೆ. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ತಂಡಕ್ಕೆ ಎಡಗಡೆಯ ಕಾರ್ನರ್ ಆಡಿದವಳು. ಬೆಳಿಗ್ಗೆ ಐದೂವರೆಗೆ ಗಂಜ್ ಮಾರುಕಟ್ಟೆಯ ಹಿಂದಿನ ಬಯಲಿಗೆ ಬಂದು ಹುಡುಗಿಯರನ್ನು ಏಳರವರೆಗೆ ದುಡಿಸಿ, ಖಾಕಿ ಹಾಕಿಕೊಂಡು ಎಂಟರ ಬಸ್ಸಿಗೆ ಹೋಗುವಳು. ಆಟಗಾರ್ತಿಯರನ್ನು ಆರಿಸುತ್ತಿದ್ದುದೂ ಬಸ್ಸಿನಲ್ಲೇ. ತುರ್ವಿಹಾಳ ರಸ್ತೆಯ ತಗ್ಗುಗಳಲ್ಲಿ ಬಸ್ಸು ಹೊಯ್ದಾಡುವಾಗ ಕಂಬಿ ಹಿಡಿಯದೆ ನಿಂತ ಹುಡುಗಿ ಕಂಡರೆ ಸಾಕು, ಪಾಸ್ ನೋಡುವ ನೆವದಲ್ಲಿ ಹತ್ತಿರ ಹೋಗಿ ಅವಳ ಊರು, ಓಣಿ, ಅಪ್ಪನ ಹೆಸರು ಎಲ್ಲ ಕೇಳಿಕೊಳ್ಳುವಳು. ಮರುದಿನ ಅಪ್ಪನ ಮುಂದೆ ಹಾಜರು.

ಆಕೆ ಕಲಿಸುವ ರೀತಿಯೂ ಅಷ್ಟೇ ಸರಳ. ಕಂಡಕ್ಟರ್ ಸೀಟಿಯೇ ಮೈದಾನದ ಸೀಟಿ. ಒಂದು ಊದಿದರೆ ಕೈ ಹಿಡಿದ ಸರಪಳಿ ಇದ್ದಲ್ಲೇ ನಿಲ್ಲಬೇಕು, ಎರಡು ಊದಿದರೆ ಮುಗಿಬೀಳಬೇಕು. "ರೇಡರ್ ಮಾರಿ ನೋಡಬ್ಯಾಡ್ರಿ, ಮಾರಿ ಸುಳ್ಳ ಹೇಳ್ತೈತಿ. ಟೊಂಕ ನೋಡ್ರಿ. ಟೊಂಕ ಯಾ ಕಡೆ ತಿರಗತೈತಿ ಆ ಕಡೆನ ಆಕಿ ಬರಾಕಿ" ಎನ್ನುವಳು. ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದ ನನಗೆ ಈ ಒಂದು ಮಾತು ಯಾವ ತರಬೇತಿ ಶಿಬಿರದಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಆಕೆಯ ಹುಡುಗಿಯರಲ್ಲಿ ಇಬ್ಬರು ಪೊಲೀಸ್ ತಂಡದಲ್ಲಿದ್ದಾರೆ, ಒಬ್ಬಳು ರೈಲ್ವೆಗೆ ಆಡುತ್ತಾಳೆ, ಇನ್ನೊಬ್ಬಳನ್ನು ಮಹಿಳೆಯರ ಲೀಗಿನ ಒಂದು ತಂಡ ಕರಾರು ಮಾಡಿಕೊಂಡು ಕರೆದೊಯ್ದಿತು.

ಹಾಗಾದರೆ ಫಾರ್ಮಿನಲ್ಲಿ ಯಾರ ಹೆಸರಿತ್ತು? ರೈಸ್ ಮಿಲ್ಲಿನ ಸಾಹುಕಾರರದು. ಬಳಗಾನೂರಿನ ಪಂದ್ಯಾವಳಿಗೆ ನಮ್ಮ ತಂಡ ಮೊದಲ ಸಲ ಹೋದಾಗ ಜರ್ಸಿ ಕೊಡಿಸಿದವರು ಅವರು, ಹುಡುಗಿಯರನ್ನು ಕರೆದೊಯ್ಯಲು ಟೆಂಪೊ ಕಳಿಸಿದವರೂ ಅವರೇ. ಪೆಂಡಾಲಿನ ಕೆಳಗೆ ಬಿಳಿ ಬಟ್ಟೆಯಲ್ಲಿ ಕೂತಿದ್ದರು. ನಾನು ಫಾರ್ಮು ತುಂಬುತ್ತ ಬಂದು ತರಬೇತುದಾರರ ಖಾನೆಗೆ ಅವರ ಹೆಸರು ಬರೆದುಬಿಟ್ಟೆ. ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ನಮ್ಮ ಕಡೆ ಲಗ್ನಪತ್ರಿಕೆಯಿಂದ ಹಿಡಿದು ಶಾಲೆಯ ವಾರ್ಷಿಕೋತ್ಸವದ ಕರಪತ್ರದವರೆಗೆ ಮೇಲಿನ ಹೆಸರು ಉಪಕಾರ ಮಾಡಿದ ದೊಡ್ಡವರದು. ಅದು ಸುಳ್ಳೆಂದು ಯಾರಿಗೂ ಅನಿಸುವುದಿಲ್ಲ, ಮರ್ಯಾದೆ ಎಂದೇ ಅನಿಸುತ್ತದೆ. ಮುಂದಿನ ವರ್ಷ ಹಳೆಯ ಫಾರ್ಮು ಮುಂದಿಟ್ಟುಕೊಂಡು ಹೊಸದನ್ನು ತುಂಬಿದೆ. ಅದರ ಮುಂದಿನ ವರ್ಷವೂ ಹಾಗೆಯೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಊರಿಗೆ ಒಳಾಂಗಣ ಕ್ರೀಡಾಂಗಣ ಬಂತು. ಅದರ ಉದ್ಘಾಟನೆಗೆ ಸ್ಮರಣ ಸಂಚಿಕೆ ತರಬೇಕು, ಗೋಡೆಗೆ ಒಂದು ಗ್ರಾನೈಟ್ ಫಲಕ ಹಾಕಬೇಕು ಎಂದು ಉದ್ಘಾಟನಾ ಸಮಿತಿ ತೀರ್ಮಾನಿಸಿತು. ಸಮಿತಿಯ ಅಧ್ಯಕ್ಷರು ಅದೇ ಸಾಹುಕಾರರು. "ಸಿಂಧನೂರಿನ ಶ್ರೇಷ್ಠ ತರಬೇತುದಾರರು ಮತ್ತು ವ್ಯವಸ್ಥಾಪಕರು" ಎಂಬ ಅಧ್ಯಾಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಷರತ್ತು ಒಂದೇ: ಪ್ರತಿ ಹೆಸರಿಗೂ ದಾಖಲೆ ಬೇಕು, ಬಾಯಿಮಾತು ನಡೆಯುವುದಿಲ್ಲ. ಕಾಗದಪತ್ರ ಜೋಡಿಸಿಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೆಮ್ಮೆಪಟ್ಟುಕೊಂಡವನು ನಾನು. ಖುಷಿಯಿಂದಲೇ ಒಪ್ಪಿಕೊಂಡೆ.

ಅದೇ ವಾರ ಎರಡು ಸುದ್ದಿ ಬಂದವು. ಕ್ರೀಡಾಂಗಣಕ್ಕೆ ಒಬ್ಬ ಕಬಡ್ಡಿ ತರಬೇತುದಾರರನ್ನು ತೆಗೆದುಕೊಳ್ಳುತ್ತಾರೆ, ಡಿಪ್ಲೊಮಾ ಇರಬೇಕು, ಇಲ್ಲವೇ ಹತ್ತು ವರ್ಷ ತಂಡ ತಯಾರು ಮಾಡಿದ ಅನುಭವ ಇರಬೇಕು, ಅನುಭವಿಗಳಿಗೆ ಆದ್ಯತೆ, ಸರ್ಕಾರಿ ಕೆಲಸದಲ್ಲಿರುವವರು ನಿಯೋಜನೆಯ ಮೇಲೆ ಬರಬಹುದು. ಇದು ಒಂದು. ಇನ್ನೊಂದು, ಅಕ್ಕನಿಗೆ ಲಿಂಗಸುಗೂರಿಗೆ ವರ್ಗವಾಗಿತ್ತು. ತಿಂಗಳೊಳಗೆ ನಿಯೋಜನೆಯ ಆದೇಶ ಸಿಕ್ಕರೆ ಆಕೆ ಇಲ್ಲಿಯೇ ಉಳಿದು ದಿನವಿಡೀ ಹುಡುಗಿಯರ ಜೊತೆ ಇರಬಹುದು. ಸಿಗದಿದ್ದರೆ ಗಂಟು ಕಟ್ಟಬೇಕು. ಆಕೆ ಬಯಲಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು.

"ಸರ್, ಅನುಭವದ ಸರ್ಟಿಫಿಕೇಟಿಗೆ ಹಳೇ ಫಾರ್ಮಿನ ಝೆರಾಕ್ಸ್ ಬೇಕಂತ. ನಿಮ್ಮ ಕಡೆ ಎಲ್ಲಾ ಅದಾವಲ್ಲ?"

"ಒಂದೂ ಕಳದಿಲ್ಲಕ್ಕ. ಹದಿನೆಂಟು ವರ್ಷದ್ದೂ ಅದಾವು" ಎಂದೆ. ಎದೆಯುಬ್ಬಿಸಿಯೇ ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿ, ಸೀಟಿ ಊದುತ್ತ ಹುಡುಗಿಯರ ಕಡೆ ಹೋದಳು. ಆ ನೋಟದ ಅರ್ಥ ನನಗಾಗ ಆಗಲಿಲ್ಲ. ಅಷ್ಟು ದಡ್ಡ ನಾನು.

ಸಂಜೆ ಮನೆಯಲ್ಲಿ ಫೈಲು ತೆರೆದೆ. ಮೊದಲ ಫಾರ್ಮು, ಎರಡನೆಯದು, ಐದನೆಯದು. ನನ್ನ ದುಂಡನೆಯ ಅಕ್ಷರ, ಶಾಲೆಯಲ್ಲಿ ಎಲ್ಲರೂ ಹೊಗಳುವ ಅಕ್ಷರ. ಪ್ರತಿಯೊಂದರಲ್ಲೂ ತರಬೇತುದಾರರು: ಸಾಹುಕಾರರು. ಅಕ್ಕನ ಹೆಸರು ಎಲ್ಲೂ ಇಲ್ಲ. ಆಟಗಾರರ ಪಟ್ಟಿಯಲ್ಲಿಲ್ಲ, ಸಹಾಯಕರ ಪಟ್ಟಿಯಲ್ಲಿಲ್ಲ, ಊಟದ ಕೂಪನ್ ಪಡೆದವರ ಪಟ್ಟಿಯಲ್ಲೂ ಇಲ್ಲ. ಕಪಾಳಕ್ಕೆ ಹೊಡೆದ ಹಾಗಾಯಿತು. ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಒಂದೊಂದೇ ಬರೆಯುವಾಗ ಏನೂ ಅನಿಸಿರಲಿಲ್ಲ. ಹದಿನೆಂಟನ್ನೂ ಒಟ್ಟಿಗೆ ಮಂಚದ ಮೇಲೆ ಹರವಿದಾಗ ನಾನು ಮಾಡಿದ್ದು ಏನೆಂದು ಕಂಡಿತು.

ಇನ್ನೊಂದು ಪ್ರಶ್ನೆಯೂ ಆಗಲೇ ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮದು ದಿನಾ ವಿಭೂತಿ ಹಚ್ಚಿಕೊಳ್ಳುವ ಮನೆ. ಆಕೆಯ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಆಕೆ ನಮ್ಮ ಓಣಿಯವಳಾಗಿದ್ದರೆ ಸಾಹುಕಾರರ ಕೆಳಗಾದರೂ ಆಕೆಯ ಹೆಸರು ಬರೆಯುತ್ತಿದ್ದೆನೋ ಏನೋ. ಇಲ್ಲ ಎಂದು ಎದೆ ಮುಟ್ಟಿ ಹೇಳಲು ನನ್ನಿಂದ ಆಗುವುದಿಲ್ಲ.

ಮರುದಿನ ಮಿಲ್ಲಿಗೆ ಹೋದೆ. ಸಾಹುಕಾರರು ಒಂದು ಪತ್ರ ಬರೆದುಕೊಟ್ಟರೆ ಮುಗಿಯಿತು ಅಂದುಕೊಂಡಿದ್ದೆ: "ನಾನು ಪೋಷಕ, ತರಬೇತಿ ಕೊಟ್ಟವರು ಈಕೆ" ಎಂಬ ಎರಡು ಸಾಲು ಸಾಕು. ಅವರು ಕೆಟ್ಟವರಲ್ಲ. ಮಿಲ್ಲಿಗೆ ಬಂದವರಿಗೆ ಚಹಾ ಕೊಡದೆ ಕಳಿಸಿದವರಲ್ಲ. ಆಫೀಸಿನ ಗೋಡೆಯ ತುಂಬ ಪಂದ್ಯಾವಳಿಗಳ ಫೋಟೊ, "ಉತ್ತಮ ತರಬೇತುದಾರ" ಎಂಬ ಅಭಿನಂದನಾ ಪತ್ರಗಳು. ನನ್ನ ಮಾತು ಮುಗಿಯುವವರೆಗೆ ಕೇಳಿದರು.

"ಏನ್ ಮಾತಾಡಾಕತ್ತೀರಿ ಮಾಸ್ತರ್ರ? ಹಂಗಾದ್ರ ನಾ ಕೋಚ್ ಇಲ್ಲೇನು?" ಎಂದರು. ಸಿಟ್ಟಿನಿಂದ ಅಲ್ಲ, ನಿಜಕ್ಕೂ ನೊಂದುಕೊಂಡು. "ಒಂದು ಫೈನಲ್ ಬಿಟ್ಟಿಲ್ಲ ನಾ. ಹಿಡೀರಿ, ಹಿಡೀರಿ ಅಂತ ಒದರಿ ಒದರಿ ಗಂಟ್ಲಾ ಹರಕೊಂಡೀನಿ. ಆಕಿ ದುಡದಾಳ, ಇಲ್ಲ ಅನ್ನಂಗಿಲ್ಲ. ಆಕಿ ಹುಡುಗ್ಯಾರನ್ನ ಓಡಸಾಕಿ. ಕೋಚ್ ನಾನ. ನೀವ ಬರದೀರಿ, ನಿಮ್ಮ ಕೈಲೇ ಬರದೀರಿ, ಈಗ ನೀವ ಬಂದು ಹಿಂಗ ಅಂತೀರಲ್ಲ?"

ಆ ಮನುಷ್ಯ ನಾಟಕ ಮಾಡುತ್ತಿರಲಿಲ್ಲ. ನಾನು ಬರೆದದ್ದನ್ನು ಓದಿ ಓದಿ, ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡು ಹೊದಿಸಿಕೊಂಡು, ಅವರು ನಿಜವಾಗಿಯೂ ನಂಬಿಬಿಟ್ಟಿದ್ದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಅವರ ತಮ್ಮನ ಮಗ ಡಿಪ್ಲೊಮಾ ಮುಗಿಸಿ ಬಂದಿದ್ದಾನೆ, ಅವನೂ ಅರ್ಜಿ ಹಾಕಿದ್ದಾನೆ. "ಮನಿ ವಿದ್ಯಾ ಮನ್ಯಾಗ ಉಳೀಲಿ ಬಿಡ್ರಿ" ಎಂದು ನಕ್ಕರು. ಯಾವ ಮನೆಯ ಯಾವ ವಿದ್ಯೆ? ಅವರು ತರಿಸಿದ ಚಹಾ ಕುಡಿಯದೆ ಎದ್ದು ಬಂದೆ.

ಫಾರ್ಮು ಕೈಕೊಟ್ಟ ಮೇಲೆ ಉಳಿದದ್ದು ಸ್ಕೋರ್ ಶೀಟು. ಪ್ರತಿ ಪಂದ್ಯದ ಶೀಟಿನ ಕೊನೆಗೆ ಎರಡೂ ತಂಡದ ನಾಯಕಿಯರು ಮತ್ತು ತರಬೇತುದಾರರು ಸಹಿ ಹಾಕಬೇಕು. ಫಾರ್ಮು ತುಂಬಿದವನು ನಾನಾದರೂ ಬೆಂಚಿನ ಮೇಲೆ ಕೂತವಳು ಅಕ್ಕ. ಸಹಿ ಆಕೆಯದೇ ಇರಬೇಕಲ್ಲ? ಈ ಭಾಗದ ದೊಡ್ಡ ಪಂದ್ಯಾವಳಿಗಳಿಗೆಲ್ಲ ಸ್ಕೋರರ್ ಆಗಿ ಕೂರುತ್ತಿದ್ದವರು ಮಸ್ಕಿಯ ಒಬ್ಬ ನಿವೃತ್ತ ಗುಮಾಸ್ತರು. ಕಾರ್ಬನ್ ಪ್ರತಿಗಳನ್ನು ಟ್ರಂಕಿನಲ್ಲಿ ತುಂಬಿಟ್ಟಿದ್ದಾರೆ ಎಂದು ಕೇಳಿದ್ದೆ. ಭಾನುವಾರ ಮಸ್ಕಿಗೆ ಹೋದೆ.

ಅವರು ನಡುಮನೆಯಲ್ಲಿ ಟ್ರಂಕು ತೆರೆದು ವರ್ಷವಾರು ಕಟ್ಟುಗಳನ್ನು ಇಳಿಸಿಕೊಟ್ಟರು. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಕೂತು ನಮ್ಮ ತಂಡದ ಶೀಟುಗಳನ್ನು ಬೇರ್ಪಡಿಸಿದೆ. ಮೊದಲು ಕಣ್ಣಿಗೆ ಬಿದ್ದದ್ದು ಸಹಿಯಲ್ಲ, ಟೈಮ್ ಔಟಿನ ಗುರುತು. ಒಂದು ಅವಧಿಗೆ ಎರಡು ಸಲ ಮಾತ್ರ ಅರ್ಧ ಅರ್ಧ ನಿಮಿಷ ಆಟ ನಿಲ್ಲಿಸಬಹುದು. ಬೇರೆ ತಂಡಗಳು ಸುಸ್ತಾದಾಗ ನಿಲ್ಲಿಸುತ್ತವೆ. ನಮ್ಮ ತಂಡದ ಗುರುತು ಪ್ರತಿ ಸಲವೂ ಅಂಗಳದಲ್ಲಿ ಮೂವರೇ ಉಳಿದಾಗ ಬೀಳುತ್ತಿತ್ತು. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ರೇಡರನ್ನು ಹಿಡಿದರೆ ಒಂದು ಅಂಕ ಹೆಚ್ಚು. ಎದುರಾಳಿ ಇನ್ನೇನು ಆಟ ಮುಗಿಯಿತು ಎಂದು ಮೈಮರೆತು ಒಳಗೆ ಬರುವ ಹೊತ್ತು ಅದು. ಗುರುತಿನ ಪಕ್ಕದ ಚೌಕದಲ್ಲಿ ಎರಡು ಅಂಕ. ಮತ್ತೆ ಗುರುತು, ಮತ್ತೆ ಎರಡು ಅಂಕ. ಹತ್ತಾರು ಶೀಟುಗಳಲ್ಲಿ ಇದೇ. ಅಕ್ಕ ಬೆಂಚಿನ ಮೇಲೆ ಕೂತು ಏನು ಯೋಚಿಸುತ್ತಿದ್ದಳು ಎಂಬುದು ಆ ಕಾರ್ಬನ್ ಪ್ರತಿಗಳಲ್ಲಿ ಹಾಗೇ ಉಳಿದಿತ್ತು. ಸಾಹುಕಾರರಿಗೆ ಟೈಮ್ ಔಟ್ ಎಷ್ಟು ಸೆಕೆಂಡು ಎಂದು ಕೇಳಿದರೆ ಹೇಳಲಾರರು.

ಆಮೇಲೆ ಕೆಳಗಿನ ಸಹಿ ನೋಡಿದೆ. ಸಾಹುಕಾರರ ಹೆಸರು. ಇನ್ನೊಂದರಲ್ಲೂ ಅದೇ. ಆದರೆ ಅಕ್ಷರ ಸಾಹುಕಾರರದಲ್ಲ. ಆ ಓರೆ ಅಕ್ಷರವನ್ನು ಹುಡುಗಿಯರಿಗೆ ಬರೆದುಕೊಡುವ ಚೀಟಿಗಳಲ್ಲಿ ಹದಿನೆಂಟು ವರ್ಷ ನೋಡಿದ್ದೇನೆ. ಅದು ಅಕ್ಕನದು. ತನ್ನ ಕೈಯಿಂದಲೇ ಸಾಹುಕಾರರ ಹೆಸರು ಬರೆದಿದ್ದಳು.

ಒಂದೇ ಒಂದು ಶೀಟಿನಲ್ಲಿ, ಬಳಗಾನೂರಿನ ಆ ಮೊದಲ ಪಂದ್ಯಾವಳಿಯದರಲ್ಲಿ, ಯಾವುದೋ ಹೆಸರು ಬರೆದು ಅದರ ಮೇಲೆ ದಪ್ಪಗೆ ಗೀಟು ಎಳೆಯಲಾಗಿತ್ತು. ಕೆಳಗಿನ ಅಕ್ಷರ ಓದಲು ಬರುವಂತಿರಲಿಲ್ಲ. ಇದೇನೆಂದು ಸ್ಕೋರರನ್ನು ಕೇಳಿದೆ.

"ಫಾರ್ಮಿನ್ಯಾಗ ಇದ್ದ ಹೆಸರ ಶೀಟಿನ್ಯಾಗ ಬರಬೇಕ್ರಿ" ಎಂದರು ಅವರು. "ಇಲ್ಲಂದ್ರ ಎದುರಿನವ್ರು ಪ್ರೊಟೆಸ್ಟ್ ಹಾಕ್ತಾರ, ಗೆದ್ದ ಆಟ ಹೋಗ್ತೈತಿ. ನಾ ಕಾಯ್ದೆ ಪ್ರಕಾರ ಮಾಡೀನಿ. ಫಾರ್ಮು ಯಾರು ತುಂಬಿದ್ರೋ ಅವ್ರನ್ನ ಕೇಳ್ರಿ."

ಫಾರ್ಮು ತುಂಬಿದವನು ಅವರ ಎದುರಿಗೇ ಕೂತಿದ್ದ. ಶೀಟುಗಳ ಝೆರಾಕ್ಸ್ ಮಾಡಿಸಿಕೊಂಡು ಬಸ್ಸು ಹತ್ತಿದೆ.

ಸೋಮವಾರ ಅಕ್ಕನ ಬಸ್ಸಿನಲ್ಲೇ ತುರ್ವಿಹಾಳಕ್ಕೆ ಹೊರಟೆ. ಬೆಳಿಗ್ಗೆ ಮೈದಾನದಲ್ಲಿ ಸುತ್ತ ಹುಡುಗಿಯರು, ಆಮೇಲೆ ದಿನವಿಡೀ ಡ್ಯೂಟಿ. ಮಾತಾಡಲು ಬೇರೆ ಜಾಗವೇ ಇರಲಿಲ್ಲ. ಟಿಕೆಟ್ ಕೊಡುವುದು ಮುಗಿಸಿ ಆಕೆ ಬಾಗಿಲ ಹತ್ತಿರದ ಸೀಟಿಗೆ ಬಂದು ಕೂತಾಗ ಝೆರಾಕ್ಸ್ ತೆಗೆದು ತೋರಿಸಿದೆ.

"ಇದು ನಿನ್ನ ಅಕ್ಷರ ಹೌದಿಲ್ಲೋ ಅಕ್ಕ?"

"ಹೌದ್ರಿ." ಕಾಗದವನ್ನು ಮುಟ್ಟಲೂ ಇಲ್ಲ. "ಬಳಗಾನೂರಾಗ ನನ್ನ ಹೆಸರ ಬರದಿದ್ನಿ. ಸ್ಕೋರರ್ ಹೊಡದಾಕಿದ್ರು. ಫಾರ್ಮಿನ್ಯಾಗ ಬ್ಯಾರೆ ಐತಿ, ಪ್ರೊಟೆಸ್ಟ್ ಬೀಳ್ತೈತಿ ಅಂದ್ರು. ಹುಡುಗ್ಯಾರು ಗೆದ್ದು ಕುಣ್ಯಾಕತ್ತಿದ್ರು ಸರ್. ಅವರ ಆಟ ಹೋಗ್ಲಿ ಅಂತ ಬಿಡ್ಲೇನು? ಸಾಹುಕಾರ್ರ ಹೆಸರ ಬರದು ಕೊಟ್ನಿ. ಮುಂದ ಹಂಗ ರೂಢಿ ಬಿತ್ತು."

"ನನಗೊಂದು ಮಾತು ಹೇಳಬೇಕಿತ್ತಲ್ಲ?"

"ನೀವ ಬಾಜೂಕ ನಿಂತಿದ್ರಿ" ಎಂದಳು.

ನಿಜ. ನಿಂತಿದ್ದೆ. ಯಾರಿಗೋ ಕೈ ಬೀಸುತ್ತಿದ್ದೆನೋ, ಟೆಂಪೊ ಡ್ರೈವರನ್ನು ಕರೆಯುತ್ತಿದ್ದೆನೋ ನೆನಪಿಲ್ಲ. ಯಾವುದೋ ಕ್ರಾಸಿನಲ್ಲಿ ಬಸ್ಸು ನಿಂತಿತು. ಆಕೆ ಎದ್ದು ಹೋಗಿ ಇಳಿಯುವವರನ್ನು ಇಳಿಸಿ, ಹತ್ತಿದವರಿಗೆ ಟಿಕೆಟ್ ಕೊಟ್ಟು, ಎರಡು ಸೀಟಿ ಊದಿ ಮತ್ತೆ ಬಂದಳು. ಅಷ್ಟರಲ್ಲಿ ನಾನು ಒಂದು ಉಪಾಯ ಯೋಚಿಸಿಟ್ಟಿದ್ದೆ. "ಈ ಶೀಟಿನ ಮ್ಯಾಲಿನ ಅಕ್ಷರ ನಂದು, ಬೆಂಚಿನ ಮ್ಯಾಲ ಇದ್ದಾಕಿ ನಾನ ಅಂತ ನೀ ಒಂದು ಹೇಳಿಕೆ ಬರಕೊಡು. ಅದ ಸಾಕ್ಷಿ ಆಗತೈತಿ" ಎಂದೆ.

"ಇನ್ನೊಬ್ರ ಸಹಿ ನಾ ಮಾಡೀನಿ ಅಂತ ನಾನ ಬರಕೊಡ್ಲೇನು? ಕಂಡಕ್ಟರ್ ಕೆಲಸ ಏನಂತ ಗೊತ್ತೈತೇನ್ರಿ ನಿಮಗ? ಇಪ್ಪತ್ತೆರಡು ವರ್ಷ ಆತು, ಚೆಕ್ಕಿಂಗ್‌ನವ್ರು ನನ್ನ ಮ್ಯಾಲ ಒಂದು ಕೇಸ್ ಬರದಿಲ್ಲ. ನನ್ನ ಕಡೆ ಇರೋದು ಅದೊಂದ ಹೆಸರು. ಆ ಖಾನೆದಾಗ ಒಂದು ಹೆಸರು ಕಳದ್ರಿ, ಈಗ ಇದನ್ನೂ ಕೊಡು ಅಂತೀರಲ್ಲ."

ಸುತ್ತಲಿನ ಸೀಟಿನವರೆಲ್ಲ ತಿರುಗಿ ನೋಡಿದರು. ನಾನು ಝೆರಾಕ್ಸ್ ಮಡಚಿ ಚೀಲಕ್ಕೆ ಹಾಕಿದೆ. ತುರ್ವಿಹಾಳದಲ್ಲಿ ಇಳಿದಾಗ ಆಕೆ ಕಿಟಕಿಯಿಂದ ಬಗ್ಗಿ ಇನ್ನೊಂದು ಮಾತು ಹೇಳಿದಳು: "ತಪ್ಪು ಯಾರು ಮಾಡ್ಯಾರೋ ಅವರ ಬರೀಲಿ ಸರ್."

ಅಲ್ಲೇ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದೆ. ನನಗೆ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಸ್ಮರಣ ಸಂಚಿಕೆಯಲ್ಲಿ, ಫಲಕದಲ್ಲಿ "ಶ್ರೇಷ್ಠ ವ್ಯವಸ್ಥಾಪಕರು" ಎಂದು ನನ್ನ ಹೆಸರೂ ಬರುವುದಿತ್ತು. ಸುಳ್ಳು ಫಾರ್ಮು ತುಂಬಿದೆ ಎಂದು ಬರೆದುಕೊಟ್ಟರೆ ಇಲಾಖೆ ಸುಮ್ಮನಿರುವುದಿಲ್ಲ. ಆದದ್ದಾಗಲಿ ಎನ್ನಿಸಿತು. ಹದಿನೆಂಟು ವರ್ಷ ಮೈ ಬಗ್ಗಿಸಿದವಳು ಪುರಾವೆಗಾಗಿ ಒದ್ದಾಡುವುದು, ಪೆನ್ನು ಆಡಿಸಿದವನು ಶಾಲು ಹೊದಿಸಿಕೊಳ್ಳುವುದು, ಎಂಥ ನಾಚಿಕೆಗೇಡು.

ಹೇಳಿಕೆ ಬರೆಯಲು ಮೂರು ದಿನ ಹಿಡಿಯಿತು. ವಕೀಲರೊಬ್ಬರು ಛಾಪಾ ಕಾಗದದ ಮೇಲೆ ಪ್ರಮಾಣ ಪತ್ರ ಮಾಡಿಸಲು ಹೇಳಿದರು, ಮಾಡಿಸಿದೆ. ಯಾವ ಪಂದ್ಯಾವಳಿ, ಯಾವ ಫಾರ್ಮು, ನಾನು ಬರೆದ ಹೆಸರು ಯಾವುದು, ನಿಜವಾಗಿ ತರಬೇತಿ ಕೊಟ್ಟವರು ಯಾರು ಎಂದು ಒಂದೊಂದಕ್ಕೂ ಸಾಲು ಹಾಕಿದೆ. ಶೀಟಿನ ಸಹಿಯ ಬಗ್ಗೆ, "ನಾನು ಫಾರ್ಮಿನಲ್ಲಿ ತಪ್ಪು ಹೆಸರು ಬರೆದು, ಅದೇ ಹೆಸರು ಬರೆಯುವಂತೆ ತರಬೇತುದಾರರನ್ನು ಇಕ್ಕಟ್ಟಿಗೆ ಸಿಕ್ಕಿಸಿದೆ, ಇದರ ಪೂರ್ಣ ಹೊಣೆ ನನ್ನದು" ಎಂದು ಬರೆದೆ. ಟೈಮ್ ಔಟ್ ಗುರುತುಗಳ ಒಂದು ಪಟ್ಟಿ ಮಾಡಿ ಲಗತ್ತಿಸಿದೆ. ಆಟ ಬಲ್ಲವನು ಅದನ್ನು ನೋಡಿದರೆ ಬೇರೆ ಸಾಕ್ಷಿ ಕೇಳುವುದಿಲ್ಲ ಎಂಬ ನಂಬಿಕೆ ನನ್ನದು. ಹಳೆಯ ಆಟಗಾರ್ತಿಯರು ಒಂಬತ್ತು ಜನ ಸಹಿ ಮಾಡಿದ ಪತ್ರವನ್ನೂ ಸೇರಿಸಿದೆ.

ಅರ್ಜಿಗಳ ಪರಿಶೀಲನೆಗೆ ಜಿಲ್ಲೆಯಿಂದ ಬಂದ ಅಧಿಕಾರಿ ದಕ್ಷಿಣದ ಕಡೆಯವರು, ಮೆತ್ತಗಿನ ಮಾತಿನವರು. ಒಳಗೆ ಅಕ್ಕ ಇದ್ದಳು, ನಾನಿದ್ದೆ. ಅವರು ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಅದನ್ನು ಒಪ್ಪಬೇಕು. ಟೈಮ್ ಔಟಿನ ಪಟ್ಟಿಯ ಮೇಲೆ ಬೆರಳಾಡಿಸಿ ಮುಗುಳ್ನಕ್ಕರು ಕೂಡ.

"ಮೇಷ್ಟ್ರೇ, ನೀವು ಹೇಳ್ತಿರೋದು ನಿಜ ಅಂತ ನನಗೂ ಅನ್ಸುತ್ತೆ" ಎಂದರು. "ಆದ್ರೆ ಈ ಹೇಳಿಕೆ ನಿಜ ಆದ್ರೆ ನೀವು ಹದಿನೆಂಟು ವರ್ಷ ಸುಳ್ಳು ಬರೆದವರು. ಸುಳ್ಳು ಬರೆದವರ ಹೇಳಿಕೆಯನ್ನ ನಾನು ಹೇಗೆ ತಗೊಳ್ಳಲಿ? ಫಾರ್ಮೇ ನಿಜ ಅಂದ್ರೆ ಈಯಮ್ಮ ಕೋಚೇ ಅಲ್ಲ. ಎರಡರಲ್ಲಿ ಯಾವುದನ್ನ ಹಿಡಿದ್ರೂ ನನ್ನ ಕೈ ಕಟ್ಟಿದೆ."

"ಮೈದಾನಕ್ಕ ಬಂದು ನೋಡ್ರಿ ಸಾಹೇಬ್ರ" ಎಂದೆ. "ಐದೂವರೆಗೆ ಬರ್ರಿ. ಹುಡುಗ್ಯಾರನ್ನ ಕೇಳ್ರಿ."

"ನೋಡೋದು ನನ್ನ ಕೆಲಸ ಅಲ್ಲ. ದಾಖಲೆ ನೋಡೋದು ನನ್ನ ಕೆಲಸ." ಆಮೇಲೆ ಅಕ್ಕನ ಕಡೆ ತಿರುಗಿ, ತಾನೊಂದು ಉಪಕಾರ ಮಾಡುತ್ತಿದ್ದೇನೆ ಎನ್ನುವಂತೆ ಹೇಳಿದರು: "ನೀವು ಇನ್ನು ಮುಂದೆ ನಿಮ್ಮ ಹೆಸರಲ್ಲಿ ಫಾರ್ಮು ಹಾಕಿ. ಆ ತಾರೀಖಿನಿಂದ ಅನುಭವ ಲೆಕ್ಕಕ್ಕೆ ಬರುತ್ತೆ. ಹತ್ತು ವರ್ಷ ಆದ ಮೇಲೆ ಅರ್ಜಿ ಹಾಕಬಹುದು."

ನಲವತ್ತೆಂಟು ವಯಸ್ಸಿನ ಹೆಂಗಸಿಗೆ ಹೇಳಿದ ಮಾತು ಇದು. ನನಗೆ ಮೇಜನ್ನು ಎತ್ತಿ ಹಾಕಬೇಕು ಅನಿಸಿತು. ಯಾರ ಮೇಲೆ ಹಾಕುವುದು? ಅಧಿಕಾರಿ ಕಾಯ್ದೆ ಹೇಳಿದರು, ಸ್ಕೋರರ್ ಕಾಯ್ದೆ ಹೇಳಿದರು, ಸಾಹುಕಾರರು ನಾನು ಬರೆದದ್ದನ್ನು ತೋರಿಸಿದರು. ಎಲ್ಲರೂ ಕೈ ತೊಳೆದುಕೊಂಡು ಕೂತಿದ್ದರು. ಆ ಕೈಗಳಿಗೆ ನೀರು ಹಾಕಿದವನು ನಾನೇ. ಅಕ್ಕ ಮಾತ್ರ ಎದ್ದು ನಿಂತು, "ಆಗ್ಲಿ ಸರ್" ಎಂದು ತನ್ನ ಕಾಗದಗಳನ್ನು ಜೋಡಿಸಿಕೊಂಡಳು. ಎರಡು ಗಂಟೆಯ ಬಸ್ಸಿಗೆ ಡ್ಯೂಟಿ ಇತ್ತು.

ಮುಂದಿನದು ಬೇಗ ಬೇಗ ನಡೆಯಿತು. ಹುದ್ದೆ ಸಾಹುಕಾರರ ತಮ್ಮನ ಮಗನಿಗೆ ಹೋಯಿತು. ನನಗೆ ಇಲಾಖೆಯಿಂದ ನೋಟಿಸು ಬಂತು. ತಪ್ಪು ಒಪ್ಪಿಕೊಂಡು ಉತ್ತರ ಕೊಟ್ಟೆ. ಸಮಿತಿಗೆ ಹೋಗಿ ಅಧ್ಯಾಯದಲ್ಲಿ ಅಕ್ಕನ ಹೆಸರಿಲ್ಲದಿದ್ದರೆ ನನ್ನ ಹೆಸರೂ ಬೇಡ ಎಂದೆ. ಯಾರಾದರೂ ಬೇಡಿಕೊಳ್ಳಬಹುದು ಎಂಬ ಆಸೆ ಎಲ್ಲೋ ಇತ್ತು. "ನಿಮ್ಮ ಇಚ್ಛಾ ಮಾಸ್ತರ್ರ" ಎಂದು ಒಂದು ಗೀಟು ಎಳೆದು ತೆಗೆದೇಬಿಟ್ಟರು. ಫಲಕದಲ್ಲಿ ಸಾಹುಕಾರರ ಹೆಸರು ಮೊದಲನೆಯದಾಗಿ ನಿಂತಿತು. ಉದ್ಘಾಟನೆಯ ದಿನ ಹೊಸ ಮ್ಯಾಟಿನ ಮೇಲೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿದರು. ಅಲ್ಲಿಂದ ಎರಡು ತಿಂಗಳೊಳಗೆ ಅರ್ಧ ಜನ ಬಿಟ್ಟರು. ತುರ್ವಿಹಾಳದ, ಮುಕ್ಕುಂದದ ತಂದೆತಾಯಂದಿರು ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದುದು ಕಬಡ್ಡಿಗಲ್ಲ, ಅಕ್ಕನ ಮುಖ ನೋಡಿ. ನಸುಕಿನ ಮೊದಲ ಬಸ್ಸಿನವರಿಗೆ ಹೇಳಿ ಕರೆಸಿಕೊಂಡು, ತನ್ನ ಎಂಟರ ಬಸ್ಸಿನಲ್ಲೇ ವಾಪಸು ತಂದು ಬಿಡುತ್ತಿದ್ದಳು. ಈಗ ಯಾರನ್ನು ನಂಬಿ ಕಳಿಸಬೇಕು?

ಅಕ್ಕ ಲಿಂಗಸುಗೂರಿಗೆ ಹೋದಳು. ಹೊರಡುವ ದಿನ ನನಗೆ ಹೇಳಿ ಹೋಗಲಿಲ್ಲ.

ನಾಲ್ಕು ತಿಂಗಳ ಮೇಲೆ ನಾನೇ ಹೋದೆ. ಹೇಳಿಕೆಯ ಮೂಲ ಪ್ರತಿ ವಾಪಸು ಬಂದಿತ್ತು, ಅದನ್ನು ಆಕೆಗೆ ಕೊಡುವ ನೆವ. ಅಲ್ಲಿಯ ಗರಡಿಯ ಉಸ್ತಾದರು ಗರಡಿ ಹಿಂದಿನ ಜಾಗ ಬಿಟ್ಟುಕೊಟ್ಟಿದ್ದಾರೆ. ಮಣ್ಣಿನ ಅಂಗಳ, ಸುಣ್ಣದ ಗೆರೆ, ಹದಿನೈದು ಹುಡುಗಿಯರು. ಒಂದು ಸೀಟಿ, ಎರಡು ಸೀಟಿ. "ಟೊಂಕ ನೋಡಲೇ, ಮಾರಿ ಏನ್ ನೋಡ್ತಿ" ಎಂಬ ಕೂಗು ರಸ್ತೆಯವರೆಗೆ ಕೇಳುತ್ತಿತ್ತು. ಪೊಲೀಸ್ ತಂಡಕ್ಕೆ ಹೋದ ನಮ್ಮ ಹಳೆಯ ನಾಯಕಿ ಈಗ ಲಿಂಗಸುಗೂರಿನಲ್ಲೇ ಕೆಲಸದಲ್ಲಿದ್ದಾಳೆ. ಅವಳೂ ಬಂದು ರೇಡ್ ಹೇಳಿಕೊಡುತ್ತಿದ್ದಳು. ನನ್ನನ್ನು ನೋಡಿ ಕುರ್ಚಿ ತಂದು ಹಾಕಿದಳು.

ಆಟ ಮುಗಿದ ಮೇಲೆ ಅಕ್ಕ ಬಂದು ಕಟ್ಟೆಯ ಮೇಲೆ ಕೂತಳು. ಮಸ್ಕಿಯ ಪಂದ್ಯಾವಳಿಯ ಫಾರ್ಮು ಬಂದಿತ್ತು. ನಾನು ಎಂದಿನಂತೆ ಜೇಬಿಗೆ ಕೈ ಹಾಕಿ ಪೆನ್ನು ತೆಗೆದೆ.

"ಕೊಡ ಇಲ್ಲೆ, ತುಂಬತೀನಿ" ಎಂದೆ.

"ಬ್ಯಾಡ್ರಿ. ಇನ್ನ ಮ್ಯಾಲ ಫಾರ್ಮು ನಾನ ತುಂಬಾಕಿ."

ಹನ್ನೆರಡು ಹುಡುಗಿಯರ ಹೆಸರು ಬರೆದಳು. ತರಬೇತುದಾರರ ಖಾನೆಗೆ ಬಂದಾಗ ತನ್ನ ಹೆಸರನ್ನು ತಂದೆಯ ಹೆಸರಿನ ಸಮೇತ, ಓರೆ ಅಕ್ಷರದಲ್ಲಿ ನಿಧಾನವಾಗಿ ಬರೆದಳು. ಕೆಳಗೆ ವ್ಯವಸ್ಥಾಪಕರ ಖಾನೆ ಖಾಲಿ ಇತ್ತು. ಬರೆಯುತ್ತಾಳೆ ಎಂದು ಕಾದೆ. ನೋಟಿಸು ತೆಗೆದುಕೊಂಡಿದ್ದೇನೆ, ಫಲಕದಿಂದ ಹೆಸರು ತೆಗೆಸಿದ್ದೇನೆ, ಇಷ್ಟು ದೂರ ಬಂದಿದ್ದೇನೆ ಎಂಬ ಲೆಕ್ಕ ಮನಸ್ಸಿನಲ್ಲಿ ಓಡುತ್ತಲೇ ಇತ್ತು.

ಅಕ್ಕ ಅಲ್ಲಿ ಹಳೆಯ ನಾಯಕಿಯ ಹೆಸರು ಬರೆದಳು. ನನ್ನ ಕಡೆ ನೋಡಲಿಲ್ಲ, ಕೇಳಲಿಲ್ಲ. ಶಾಯಿ ಆರಲಿ ಎಂದು ಫಾರ್ಮನ್ನು ಎರಡು ಸಲ ಊದಿ ಚೀಲದಲ್ಲಿಟ್ಟಳು.

"ಸರ್, ಐತವಾರ ಮಸ್ಕಿಗೆ ಬರ್ರಿ" ಎಂದಳು. "ಮಂದಿ ಕುಂದ್ರೋ ಕಡೆ ಕುಂತು ಆಟ ನೋಡ್ರಿ."